ಎಲ್ಲಿಗೆ ಹೋಗುವುದು, ಯಾರಾಗಿ ಬಾಳುವುದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ದೂರದ ಊರುಗಳ ಸಂಬಂಧ ಹೊಸತೇನಲ್ಲ. ನಮ್ಮ ಅಟ್ಟಗಳ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿ ಸಿದ್ಧವಾದ ಉಂಡೆ ಕೊಬ್ಬರಿಯು ತಿಪಟೂರಿನ ಮಾರುಕಟ್ಟೆಯ ಮೂಲಕ ಉತ್ತರ ಭಾರತದ ಪೇಟೆಗಳನ್ನು ಸೇರುತ್ತಲೇ ಬಂದಿದೆ. ಆದರೆ ಅಂದು ಕೊಬ್ಬರಿ ದೂರ ಹೋಗುತ್ತಿತ್ತು, ಬೆಳೆದವನು ತೋಟದಲ್ಲಿಯೇ ಉಳಿಯುತ್ತಿದ್ದ. ಇಂದು ಮಕ್ಕಳೇ ಹೊರಟಿದ್ದಾರೆ. ಸಂಪಿಗೆಯ ಸುತ್ತಿನ ಹಳ್ಳಿಗಳಿಂದ ರೈಲು ಹತ್ತಿ ಬೆಂಗಳೂರು ಸೇರಿದ ತರುಣರು ಅಲ್ಲಿಯೇ ನಿಲ್ಲುತ್ತಿಲ್ಲ. ದಾದಿ ತರಬೇತಿ ಮುಗಿಸಿದ ಮಗಳು, ತಾಂತ್ರಿಕ ಶಿಕ್ಷಣ ಪಡೆದ ಮಗ, ವಾಹನ ಚಾಲನೆ ಕಲಿತ ತಮ್ಮ, ಎಲ್ಲರ ಕಣ್ಣೂ ಸಮುದ್ರದಾಚೆಗೆ ನೆಟ್ಟಿದೆ.

ಈ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ಬೆರಳೆಣಿಕೆಯಷ್ಟು. ಆದರೆ ಬೆಂಗಳೂರು, ಹಾಸನ, ಮಂಗಳೂರುಗಳಲ್ಲಿ ನೆಂಟಸ್ತಿಕೆ ಇಲ್ಲದ ಮನೆ ಇಲ್ಲ. ಮದುವೆಯ ಚಪ್ಪರದ ಕೆಳಗೆ ಕುವೈತಿನ ಸಂಬಳದ ಸುದ್ದಿ, ಕೆನಡಾದ ಮನೆಯ ಚಿತ್ರ, ಇಸ್ರೇಲಿಗೆ ಹೋದ ಅಕ್ಕನ ಕಥೆ ಕಿವಿಗೆ ಬೀಳುತ್ತದೆ. ಕೆಲವು ವಾರಗಳ ತರುವಾಯ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಕೇಳಿಕೊಂಡು ತಂದೆ ಮಗ ಗುರುಮನೆಗೆ ಬರುತ್ತಾರೆ. ಆಗ ಬರುವ ಪ್ರಶ್ನೆ ಒಂದೇ: “ಸ್ವಾಮಿ, ಯಾವ ದೇಶ ಒಳ್ಳೆಯದು?”

ಈ ಪ್ರಶ್ನೆಗೆ ಉತ್ತರವಿಲ್ಲ. ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕಾಗಿದೆ. ಮನುಷ್ಯರು ಕೂಡಿ ನೆಲೆಸುವುದು ಮೊದಲು ಬದುಕುವುದಕ್ಕಾಗಿ, ಬಳಿಕ ಚೆನ್ನಾಗಿ ಬಾಳುವುದಕ್ಕಾಗಿ ಎಂಬ ಭೇದವನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಬಹು ಹಿಂದೆಯೇ ಗುರುತಿಸಿದ್ದನು. ಸಂಬಳವು ಬದುಕನ್ನು ಮಾತ್ರ ಅಳೆಯುತ್ತದೆ, ಬಾಳನ್ನಲ್ಲ. ಆದುದರಿಂದ ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು. ಆ ನಾಡಿನಲ್ಲಿ ನಾನು ಯಾರಾಗಿ ಇರುತ್ತೇನೆ, ಅತಿಥಿಯಾಗಿಯೋ, ಕೂಲಿಯಾಗಿಯೋ, ಪ್ರಜೆಯಾಗಿಯೋ? ಯಾರೊಡನೆ ಇರುತ್ತೇನೆ, ಒಂಟಿಯಾಗಿಯೋ, ಹೆಂಡತಿ ಮಕ್ಕಳೊಡನೆಯೋ? ಮರಳಿ ಬರುವ ದಿನ ನನಗೆ ಇಲ್ಲಿ ಏನು ಉಳಿದಿರುತ್ತದೆ? ಈ ಮೂರನ್ನು ಮುಂದಿಟ್ಟುಕೊಂಡು ನಮ್ಮವರು ಹೋಗುವ ನಾಡುಗಳನ್ನು ಒಂದೊಂದಾಗಿ ನೋಡೋಣ.

ದುಡಿದು ಮರಳುವ ನಾಡು

ಕರ್ನಾಟಕದ ಕಥೋಲಿಕರಿಗೆ, ವಿಶೇಷವಾಗಿ ಕರಾವಳಿಯವರಿಗೆ, ಅತ್ಯಂತ ಪರಿಚಿತವಾದದ್ದು ಕೊಲ್ಲಿ ಪ್ರದೇಶ. ಕುವೈತ್, ಬಹರೈನ್, ಕತಾರ್, ಒಮಾನ್, ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ ಈ ಆರು ದೇಶಗಳಿಗೆ ಎರಡು ಮೂರು ತಲೆಮಾರುಗಳಿಂದ ಜನ ಹೋಗುತ್ತಿದ್ದಾರೆ. ಅಲ್ಲಿಯ ಜೀವನವೆಂದರೆ ಬರೀ ಮರಳು ಮತ್ತು ಬಿಸಿಲು ಎಂದು ತಿಳಿಯುವುದು ತಪ್ಪು. ವೈಯಕ್ತಿಕ ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ. ಭಾರತೀಯ ಪಠ್ಯಕ್ರಮದ ಶಾಲೆಗಳಿವೆ. ತೆಂಗಿನಕಾಯಿ, ಅಕ್ಕಿ, ಕರಿಬೇವು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ನಾಲ್ಕು ಗಂಟೆಯ ವಿಮಾನ ಪ್ರಯಾಣದಲ್ಲಿ ಊರು ಮುಟ್ಟಬಹುದು.

ಆರಾಧನೆಯ ವಿಷಯದಲ್ಲಿಯೂ ಅಲ್ಲಿನ ಸ್ಥಿತಿ ಎಲ್ಲೆಡೆ ಒಂದೇ ಬಗೆಯಲ್ಲ. ಬಹರೈನಿನ ಮನಾಮದಲ್ಲಿ ಯೇಸುವಿನ ಪವಿತ್ರ ಹೃದಯದ ದೇವಾಲಯವು 1939ರಲ್ಲಿಯೇ ನಿರ್ಮಾಣವಾಯಿತು. ದುಬೈಯ ಸಂತ ಮರಿಯಮ್ಮನವರ ದೇವಾಲಯವು 1967ರಲ್ಲಿ ತೆರೆಯಿತು. ಕತಾರಿನ ದೋಹಾದಲ್ಲಿ ಮೊದಲ ಕಥೋಲಿಕ ದೇವಾಲಯವು 2008ರಲ್ಲಿ ಪ್ರತಿಷ್ಠಾಪನೆಗೊಂಡಿತು. 2019ರ ಫೆಬ್ರವರಿಯಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಅಬುಧಾಬಿಯಲ್ಲಿ ಅರ್ಪಿಸಿದ ಬಲಿಪೂಜೆಗೆ ಲಕ್ಷಾಂತರ ಜನ ಸೇರಿದ್ದರು. ಅವರಲ್ಲಿ ಬಹುಪಾಲು ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಬಂದ ಏಷ್ಯಾದ ವಲಸಿಗರು. ಶುಕ್ರವಾರ ರಜೆಯಿರುವ ನಾಡುಗಳಲ್ಲಿ ಆ ದಿನವೇ ಭಕ್ತರು ಬಲಿಪೂಜೆಗೆ ಕಿಕ್ಕಿರಿಯುತ್ತಾರೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮಾತ್ರ 2022ರಿಂದ ಶನಿವಾರ, ಭಾನುವಾರಗಳು ವಾರದ ರಜೆಗಳಾಗಿವೆ. ಸೌದಿ ಅರೇಬಿಯಾದಲ್ಲಿ ಇಂದಿಗೂ ದೇವಾಲಯವಿಲ್ಲ. ಅಲ್ಲಿಗೆ ಹೊರಟವರು ಇದನ್ನು ತಿಳಿದೇ ಹೊರಡಬೇಕು.

ಆದರೆ ಮೊದಲ ಪ್ರಶ್ನೆಗೆ ಕೊಲ್ಲಿಯ ಉತ್ತರ ಸ್ಪಷ್ಟ. ಅಲ್ಲಿ ನಾವು ದುಡಿಮೆಗಾರರು, ಪ್ರಜೆಗಳಲ್ಲ. ಮೂವತ್ತು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನಿಗೆ ಪೌರತ್ವದ ಮಾತಿಲ್ಲ. ಅಲ್ಲಿಯೇ ಹುಟ್ಟಿದ ಮಗುವೂ ತಂದೆಯ ವೀಸಾದ ನೆರಳಿನಲ್ಲಿಯೇ ಬೆಳೆಯಬೇಕು. ವಾಸದ ಪರವಾನಗಿಯು ಕೆಲಸ ಕೊಟ್ಟವನಿಗೆ ಅಂಟಿಕೊಂಡಿರುವ ‘ಕಫಾಲಾ’ ಎಂಬ ಪದ್ಧತಿಯೇ ಇದರ ಬುಡ. ಇತ್ತೀಚೆಗೆ ಇದು ಅಲ್ಲಲ್ಲಿ ಸಡಿಲಗೊಂಡಿದೆ. ಕತಾರ್ ದೇಶವು 2020ರಲ್ಲಿ ಮಾಲೀಕನ ಅನುಮತಿಯಿಲ್ಲದೆ ಕೆಲಸ ಬದಲಿಸಲು ಅವಕಾಶ ನೀಡಿತು. ಆದರೂ ಕೆಲಸ ಹೋದರೆ ನೆಲೆಯೂ ಹೋಗುತ್ತದೆ ಎಂಬ ಮೂಲಭೂತ ಸತ್ಯ ಬದಲಾಗಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರವು ಸಂಬಳವನ್ನು ಅವಲಂಬಿಸಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳವಿರಬೇಕು, ಇಲ್ಲವೇ ವಸತಿಯೊಡನೆ 3,000 ದಿರ್ಹಮ್ ಇರಬೇಕು. ಅದಕ್ಕಿಂತ ಕಡಿಮೆ ಪಡೆಯುವವನ ಪಾಲಿಗೆ ಉಳಿಯುವುದು ಹಲವರು ಹಂಚಿಕೊಂಡ ಕೋಣೆ, ಒಂದರ ಮೇಲೊಂದು ಮಂಚ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರು. 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡವೊಂದಕ್ಕೆ ಬೆಂಕಿ ತಗಲಿ ಸತ್ತವರಲ್ಲಿ 45 ಮಂದಿ ಭಾರತೀಯರು. ಚಪ್ಪರದ ಕೆಳಗೆ ಕೇಳಿದ ಸಂಬಳದ ಸುದ್ದಿಯಲ್ಲಿ ಆ ಕೋಣೆಯ ಚಿತ್ರ ಇರುವುದಿಲ್ಲ.

ಹಿರಿಯರಿಗೆ 1990ರ ಆಗಸ್ಟ್ ತಿಂಗಳು ನೆನಪಿರಬೇಕು. ಇರಾಕಿನ ಸೇನೆಯು ಕುವೈತನ್ನು ಆಕ್ರಮಿಸಿದಾಗ ವರ್ಷಗಟ್ಟಲೆ ಕೂಡಿಟ್ಟ ಹಣ, ಮನೆ, ಸಾಮಾನುಗಳನ್ನು ಬಿಟ್ಟು ಭಾರತೀಯರು ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಸುಮಾರು 1,70,000 ಜನರನ್ನು ಕರೆತಂದವು. ಊರಿನಲ್ಲಿ ಒಂದು ಮನೆ, ಒಂದಿಷ್ಟು ಭೂಮಿ ಉಳಿಸಿಕೊಂಡಿದ್ದವರು ಮತ್ತೆ ಎದ್ದು ನಿಂತರು. ಎಲ್ಲವನ್ನೂ ಮಾರಿ ಹೋಗಿದ್ದವರ ಪಾಡು ಬೇರೆಯೇ ಆಯಿತು.

ನೆಲೆಯೂರುವ ನಾಡು

ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಬಾಗಿಲು ಬೇರೆ ಬಗೆಯದು. ಕೆನಡಾ ದೇಶವು 1967ರಲ್ಲಿ ವಲಸಿಗರನ್ನು ಆರಿಸಲು ಅಂಕಗಳ ಪದ್ಧತಿಯನ್ನು ಜಾರಿಗೆ ತಂದಿತು. ವಯಸ್ಸು, ವಿದ್ಯೆ, ಭಾಷೆ, ಅನುಭವಗಳಿಗೆ ಅಂಕ ಕೊಟ್ಟು, ಹುಟ್ಟಿದ ದೇಶವನ್ನು ನೋಡದೆ ಆರಿಸುವುದು ಇದರ ತತ್ತ್ವ. ಬಿಳಿಯರಲ್ಲದವರನ್ನು ದೂರವಿಡುತ್ತಿದ್ದ ಆಸ್ಟ್ರೇಲಿಯಾವೂ 1973ರಲ್ಲಿ ಆ ನೀತಿಯನ್ನು ಕೈಬಿಟ್ಟಿತು. ಇಲ್ಲಿ ಮೊದಲ ದಿನದಿಂದಲೇ ಶಾಶ್ವತ ವಾಸದ ಹಕ್ಕು ಪಡೆದು ಹೋಗಬಹುದು, ಹೆಂಡತಿ ಮಕ್ಕಳನ್ನು ಜೊತೆಗೆ ಕರೆದೊಯ್ಯಬಹುದು. ಕೆನಡಾದಲ್ಲಿ ಐದು ವರ್ಷಗಳಲ್ಲಿ ಒಟ್ಟು 1,095 ದಿನ, ಅಂದರೆ ಮೂರು ವರ್ಷ ವಾಸವಿದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಮಕ್ಕಳ ಶಾಲೆ ಉಚಿತ, ಚಿಕಿತ್ಸೆಯ ಬಹುಭಾಗವನ್ನು ಸರ್ಕಾರ ಭರಿಸುತ್ತದೆ. ಕೊಲ್ಲಿ ನಾಡು ದುಡಿಯುವ ಕೈಗಳನ್ನು ಕರೆದರೆ, ಈ ನಾಡುಗಳು ಕುಟುಂಬವನ್ನು ಕರೆಯುತ್ತವೆ.

ಹಾಗೆಂದು ಇದು ಸುಲಭದ ಬಾಳಲ್ಲ. ಅಂಕಗಳ ಪದ್ಧತಿಯು ಮೂವತ್ತು ದಾಟಿದವರ ವಯಸ್ಸಿನ ಅಂಕವನ್ನು ಕೆನಡಾದಲ್ಲಿ ವರ್ಷವರ್ಷವೂ ಇಳಿಸುತ್ತದೆ. ಆಸ್ಟ್ರೇಲಿಯಾದ ಅಂಕಾಧಾರಿತ ವೀಸಾಗಳಿಗೆ 45ರ ಒಳಗಿರಬೇಕು. ಇಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಮುಖ್ಯ ದಾದಿಯಾಗಿದ್ದವರು ಅಲ್ಲಿ ಮತ್ತೆ ಭಾಷಾ ಪರೀಕ್ಷೆ, ವೃತ್ತಿ ಪರೀಕ್ಷೆಗಳನ್ನು ಬರೆದು ನೋಂದಣಿ ಪಡೆಯಬೇಕು. ಆ ನಡುವಿನ ಕಾಲದಲ್ಲಿ ಎಂಜಿನಿಯರು ಟ್ಯಾಕ್ಸಿ ಓಡಿಸುವುದೂ, ಶಿಕ್ಷಕಿಯು ಅಂಗಡಿಯಲ್ಲಿ ನಿಲ್ಲುವುದೂ ಅಪರೂಪವಲ್ಲ. ಕೆನಡಾದ ಒಳನಾಡಿನ ವಿನ್ನಿಪೆಗ್‌ನಂತಹ ನಗರಗಳಲ್ಲಿ ಚಳಿಗಾಲದ ಉಷ್ಣಾಂಶವು ಸೊನ್ನೆಗಿಂತ 20, 30 ಡಿಗ್ರಿ ಕೆಳಗಿಳಿಯುತ್ತದೆ. ಟೊರೊಂಟೊ, ಸಿಡ್ನಿಗಳ ಮನೆ ಬಾಡಿಗೆಯು ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ. ವಿದ್ಯಾರ್ಥಿಯಾಗಿ ಹೋಗಿ ಅಲ್ಲಿಯೇ ನಿಲ್ಲುವ ದಾರಿಯೂ ಕಿರಿದಾಗಿದೆ. 2024ರಿಂದ ಕೆನಡಾ ವಿದೇಶೀ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅದೇ ವರ್ಷ ವಿದ್ಯಾರ್ಥಿಯು ತೋರಿಸಬೇಕಾದ ಜೀವನವೆಚ್ಚದ ಹಣವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು.

ಅಮೆರಿಕದ ಸ್ಥಿತಿ ಇವೆರಡರ ನಡುವಿನದು. ಅಲ್ಲಿನ ಶಾಶ್ವತ ವಾಸದ ಪರವಾನಗಿಯಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ರಷ್ಟು ಎಂಬ ಮಿತಿಯಿದೆ. ಭಾರತದಿಂದ ಹೋದವರು ಬಹಳವಾದ್ದರಿಂದ ಕನ್ನಡಿಗ ಎಂಜಿನಿಯರುಗಳು ದಶಕಗಟ್ಟಲೆ ಸಾಲಿನಲ್ಲಿ ನಿಂತಿದ್ದಾರೆ. ಚಿಕ್ಕಂದಿನಲ್ಲಿ ಜೊತೆಗೆ ಕರೆದೊಯ್ದ ಮಗುವಿಗೆ 21 ತುಂಬಿದರೆ ತಂದೆಯ ವೀಸಾದ ಆಶ್ರಯ ಮುಗಿಯುತ್ತದೆ. ಮನೆ ಕಟ್ಟಿ, ಸಾಲ ತೀರಿಸಿ, ತೆರಿಗೆ ಕೊಟ್ಟು ಬಾಳುವವನು ಅತಿಥಿಯೂ ಅಲ್ಲ, ಪ್ರಜೆಯೂ ಅಲ್ಲ.

ಆದರೂ ಜನರ ಒಲವು ಈ ಕಡೆಗೇ ಸರಿಯುತ್ತಿದೆ. ಭಾರತಕ್ಕೆ ಬರುವ ವಲಸಿಗರ ಹಣದಲ್ಲಿ 2023-24ರಲ್ಲಿ ಅಮೆರಿಕದ ಪಾಲು ಶೇಕಡಾ 27.7 ಇತ್ತೆಂದೂ, ಆರು ಕೊಲ್ಲಿ ದೇಶಗಳು ಕೂಡಿ ಕಳುಹಿಸಿದ್ದು ಸುಮಾರು 38 ಎಂದೂ ರಿಸರ್ವ್ ಬ್ಯಾಂಕಿನ ಸಮೀಕ್ಷೆ ತಿಳಿಸಿದೆ. ಒಂದು ಕಾಲದಲ್ಲಿ ಅರ್ಧಕ್ಕೂ ಮಿಕ್ಕಿ ಹಣ ಕೊಲ್ಲಿಯಿಂದಲೇ ಬರುತ್ತಿತ್ತು. ಜನರು ದುಡಿದು ಮರಳುವ ನಾಡಿಗಿಂತ ನೆಲೆಯೂರುವ ನಾಡನ್ನು ಅರಸುತ್ತಿದ್ದಾರೆಂಬುದಕ್ಕೆ ಇದೊಂದು ಸೂಚನೆ.

ಆರೈಕೆಗೆಂದು ಕರೆಯುವ ನಾಡು

ವೃದ್ಧರ ಸಂಖ್ಯೆ ಹೆಚ್ಚಿ, ನೋಡಿಕೊಳ್ಳುವವರ ಸಂಖ್ಯೆ ಕಡಿಮೆಯಾದ ದೇಶಗಳು ಇಂದು ನಮ್ಮ ಹೆಣ್ಣುಮಕ್ಕಳನ್ನು ಕರೆಯುತ್ತಿವೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಅನೇಕ ಕಥೋಲಿಕರು ಇಸ್ರೇಲಿನಲ್ಲಿ ಮುದುಕರ ಆರೈಕೆಯಲ್ಲಿ ತೊಡಗಿದ್ದಾರೆ. ಕೊಲ್ಲಿಯ ಸಾಮಾನ್ಯ ಕೂಲಿಗಿಂತ ಆ ಸಂಬಳ ಹೆಚ್ಚು. ಆದರೆ ಆರೈಕೆ ಮಾಡುವವರು ಮುದುಕರ ಮನೆಯಲ್ಲಿಯೇ ಹಗಲಿರುಳು ವಾಸಿಸಬೇಕು. ಗಂಡ, ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಪರವಾನಗಿಯ ಸಾಮಾನ್ಯ ಅವಧಿ 63 ತಿಂಗಳು. ಆಗ ನೋಡಿಕೊಳ್ಳುತ್ತಿರುವ ಮುದುಕರು ಬದುಕಿರುವಷ್ಟು ಕಾಲ ಅದನ್ನು ಮುಂದುವರಿಸಿಕೊಳ್ಳುವ ಅವಕಾಶವುಂಟು. 2023ರ ಅಕ್ಟೋಬರ್ 7ರ ದಾಳಿ ಮತ್ತು ತದನಂತರದ ಯುದ್ಧದ ಕಾಲದಲ್ಲಿ ಹಾಸಿಗೆ ಹಿಡಿದ ವೃದ್ಧರನ್ನು ಬಿಟ್ಟು ಓಡಲಾಗದೆ, ಸೈರನ್ ಕೂಗಿದಾಗಲೆಲ್ಲ ಅವರನ್ನು ಆಶ್ರಯದ ಕೋಣೆಗೆ ಸಾಗಿಸಬೇಕಾದ ಹೊಣೆ ಇಂತಹವರ ಮೇಲೆ ಬಿತ್ತು.

ಬ್ರಿಟನ್ನಿನ ಅನುಭವವು ಮತ್ತೊಂದು ಪಾಠವನ್ನು ಕಲಿಸುತ್ತದೆ. 2022ರ ಫೆಬ್ರವರಿಯಲ್ಲಿ ಅದು ವೃದ್ಧರ ಆರೈಕೆಯ ಕೆಲಸಕ್ಕೆ ವಿದೇಶೀಯರಿಗೆ ಬಾಗಿಲು ತೆರೆಯಿತು, ಕುಟುಂಬವನ್ನೂ ಕರೆತರಲು ಬಿಟ್ಟಿತು. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆ ಕೆಲಸಗಾರರು ಕುಟುಂಬವನ್ನು ಕರೆತರಬಾರದೆಂದಿತು. 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಮೂರೂವರೆ ವರ್ಷದೊಳಗೆ ಒಂದು ಬಾಗಿಲು ತೆರೆದು ಮುಚ್ಚಿತು. ನೋಂದಾಯಿತ ದಾದಿಯರಿಗೆ ಇನ್ನೂ ದಾರಿಯಿದೆ. ಜರ್ಮನಿಯೂ ದಾದಿಯರನ್ನು ಕರೆಯುತ್ತಿದೆ, ಆದರೆ ಜರ್ಮನ್ ಭಾಷೆಯನ್ನು ಸಾಕಷ್ಟು ಎತ್ತರದ ಮಟ್ಟದವರೆಗೆ ಕಲಿತವರಿಗೆ ಮಾತ್ರ. ಕಸುಬನ್ನು ಪೂರ್ಣವಾಗಿ ಕಲಿತು, ಭಾಷೆಯನ್ನೂ ಕಲಿತು ಹೋದವರ ಕಾಲ ಕೆಳಗಿನ ನೆಲ ಸ್ವಲ್ಪ ಗಟ್ಟಿ. ಯಾರದೋ ಮಾತು ನಂಬಿ ಅವಸರದಲ್ಲಿ ಹೋದವರ ಸ್ಥಿತಿ ಆ ದೇಶದ ಮುಂದಿನ ಆದೇಶದವರೆಗೆ ಮಾತ್ರ.

ತೋಟ ಮಾರುವ ಮುನ್ನ

ಇನ್ನು ಮೂರನೆಯ ಪ್ರಶ್ನೆ. ಈ ಸೀಮೆಯ ಕುಟುಂಬಗಳಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಮಗನನ್ನು ಕಳುಹಿಸಲು ಹಣವೆಲ್ಲಿಂದ ಬರಬೇಕು? ಅನೇಕ ಮನೆಗಳಲ್ಲಿ ಉತ್ತರ ಒಂದೇ: ಎರಡು ಎಕರೆ ತೋಟವನ್ನು ಮಾರೋಣ, ಮಗ ಹೋಗಿ ದುಡಿದರೆ ನಾಲ್ಕೆಕರೆ ಕೊಳ್ಳಬಹುದು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಇದರಲ್ಲಿ ಕಾನೂನಿನ ಒಂದು ತೊಡಕಿದೆ, ಬಹಳ ಮಂದಿಗೆ ಅದು ಹೊರಟ ಮೇಲೆ ತಿಳಿಯುತ್ತದೆ.

ನಮ್ಮ ದೇಶದ ವಿದೇಶೀ ವಿನಿಮಯ ನಿಯಮಗಳ ಪ್ರಕಾರ ಹೊರದೇಶದಲ್ಲಿ ನೆಲೆಸಿರುವ ಭಾರತೀಯನು ಇಲ್ಲಿ ಮನೆ, ನಿವೇಶನಗಳನ್ನು ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಷನ್ ಜಮೀನು, ತೋಟದ ಮನೆಗಳನ್ನು ಮಾತ್ರ ಕೊಳ್ಳುವಂತಿಲ್ಲ. ಬೇರೆ ದೇಶದ ಪೌರತ್ವ ಪಡೆದು ಸಾಗರೋತ್ತರ ಭಾರತೀಯ ನಾಗರಿಕನೆಂಬ ಕಾರ್ಡ್ ಪಡೆದವನಿಗೂ ಇದೇ ನಿಯಮ. ಭಾರತವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ ಕೆನಡಾದ ಪ್ರಜೆಯಾದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಆ ಕಾರ್ಡು ಬಂದುಹೋಗುವ ಅನುಕೂಲವನ್ನು ಕೊಡುತ್ತದೆಯೇ ಹೊರತು ಮತದಾನದ ಹಕ್ಕನ್ನಾಗಲಿ, ತೋಟ ಕೊಳ್ಳುವ ಹಕ್ಕನ್ನಾಗಲಿ ಕೊಡುವುದಿಲ್ಲ.

ಆದರೆ ತಂದೆತಾಯಿಗಳಿಂದ ಪಿತ್ರಾರ್ಜಿತವಾಗಿ ಬರುವ ತೋಟಕ್ಕೆ ಈ ಅಡ್ಡಿಯಿಲ್ಲ. ಇದರ ಅರ್ಥವನ್ನು ಸಾವಧಾನವಾಗಿ ಯೋಚಿಸಿರಿ. ತಂದೆ ಉಳಿಸಿಕೊಂಡ ತೋಟವು ದೂರದ ಮಗನಿಗೆ ಬರುತ್ತದೆ. ಮಗನ ಪ್ರಯಾಣಕ್ಕಾಗಿ ತಂದೆ ಮಾರಿದ ತೋಟವನ್ನು, ಕೈತುಂಬ ಡಾಲರಿದ್ದರೂ, ಮಗನು ಹೊರದೇಶದಲ್ಲಿರುವವರೆಗೆ ತನ್ನ ಹೆಸರಿಗೆ ಮರಳಿ ಕೊಳ್ಳಲಾರ. ಭಾರತದ ಪೌರತ್ವವನ್ನು ಉಳಿಸಿಕೊಂಡು, ಊರಿಗೆ ಬಂದು ನೆಲೆಸಿದ ಮೇಲೆಯೇ ಆ ದಾರಿ ತೆರೆಯುತ್ತದೆ. ಅಷ್ಟರಲ್ಲಿ ಆ ತೋಟ ಯಾರ ಕೈ ಸೇರಿರುತ್ತದೆಯೋ!

ಹಾಗಾದರೆ ಸಾಲ ಮಾಡಿ ಏಜೆಂಟರಿಗೆ ಕೊಡಬೇಕೇ? ಇಲ್ಲಿಯೂ ಎಚ್ಚರಿಕೆ ಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವವರು ಕೇಂದ್ರ ಸರ್ಕಾರದಿಂದ ನೋಂದಣಿ ಪಡೆದಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯಿದೆ. ಲಕ್ಷಗಟ್ಟಲೆ ಕೇಳುವವನು ಅಲ್ಲಿಯೇ ಕಾನೂನನ್ನು ಮೀರಿದ್ದಾನೆಂದು ತಿಳಿಯಬೇಕು. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿಯೇ ಮೊದಲಾದ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಇದನ್ನು ಕಿರುಕುಳವೆಂದು ಭಾವಿಸಿ ಪ್ರವಾಸಿ ವೀಸಾದಲ್ಲಿ ಹಾರುವವರಿದ್ದಾರೆ. ಹಾಗೆ ಹೋದವನ ಹೆಸರು ಕೆಲಸಗಾರರ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಸಂಬಳ ಸಿಗದಿದ್ದರೆ ದೂರು ಕೊಡಲು ಒಪ್ಪಂದವಿಲ್ಲ, ಸತ್ತರೆ ಪರಿಹಾರ ಕೇಳಲು ವಿಮೆಯಿಲ್ಲ.

ಹೊರದೇಶದಲ್ಲಿ ಇರುವವರು ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದೂ ಅಷ್ಟೇ ಮುಖ್ಯ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನಾಂಗದವರೂ ಇದ್ದರು. ಗಿಡಮೂಲಿಕೆಯ ಔಷಧ, ಎಣ್ಣೆಗಳನ್ನು ಮಾರಲು ಅವರು ಅಷ್ಟು ದೂರ ಹೋಗಿದ್ದರು. ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಸರ್ಕಾರ ಭಾರತೀಯರನ್ನು ಕರೆತಂದಿತು. ಯಾರು ಎಲ್ಲಿದ್ದಾರೆಂದು ತಿಳಿದಿದ್ದರೆ ಮಾತ್ರ ಇಂತಹ ನೆರವಿನ ಕೈ ಬೇಗ ತಲುಪಲು ಸಾಧ್ಯ.

ಉಳಿದವರ ಬಾಳು

ಹೋದವರ ಬಾಳನ್ನು ಕುರಿತು ಇಷ್ಟು ಹೇಳಿದ ಮೇಲೆ ಉಳಿದವರನ್ನು ಮರೆಯುವಂತಿಲ್ಲ. ತೋಟದ ಮನೆಯಲ್ಲಿ ಇಬ್ಬರೇ ಮುದುಕರು, ಜಗುಲಿಯ ಮೇಲೆ ಸುಲಿಯದೆ ಬಿದ್ದ ಕಾಯಿಗಳ ರಾಶಿ, ಮರ ಹತ್ತುವವರಿಗಾಗಿ ಕಾಯುವುದು, ರಾತ್ರಿ ಮೊಬೈಲಿನ ಪರದೆಯಲ್ಲಿ ಮೊಮ್ಮಗುವಿನ ಮುಖ. ಆ ಮಗು ಅಜ್ಜಿಯ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಾಗ ಅಜ್ಜಿ ನಗುತ್ತಾಳೆ, ಆದರೆ ಅರ್ಥವಾಗಿಲ್ಲ. ಕೆನಡಾ ತಂದೆತಾಯಿಗಳಿಗೆಂದು ಕೊಡುವ ವಿಶೇಷ ವೀಸಾದಲ್ಲಿ ಒಮ್ಮೆಗೆ ಐದು ವರ್ಷದವರೆಗೂ ಅಲ್ಲಿ ಇರಬಹುದು. ಹೋದ ಹಿರಿಯರಲ್ಲಿ ಹಲವರು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾ, ಹಿಮದ ತಿಂಗಳುಗಳಲ್ಲಿ ಕಿಟಕಿಯ ಬಳಿ ಕುಳಿತು ದಿನ ಎಣಿಸುತ್ತಾರೆ. ವಿದೇಶದ ಕನ್ನಡ ಕೂಟಗಳೂ ವಾರದ ಕೊನೆಯ ಕನ್ನಡ ತರಗತಿಗಳೂ ಈ ಕೊರತೆಯನ್ನು ಒಂದಿಷ್ಟು ತುಂಬುತ್ತಿವೆ. ಕನ್ನಡದಲ್ಲಿ ಬಲಿಪೂಜೆ ಸಿಗುವುದಂತೂ ಅಲ್ಲಿ ಅಪರೂಪ. ಮನೆಯ ಸಂಜೆಯ ಪ್ರಾರ್ಥನೆ ಕನ್ನಡದಲ್ಲಿ ನಡೆದರೆ ಅದೇ ಮಗುವಿನ ಕನ್ನಡ ಶಾಲೆ.

ವಲಸೆ ಹೋಗುವುದು ಪಾಪವಲ್ಲ, ಊರಿಗೆ ಬಗೆದ ದ್ರೋಹವೂ ಅಲ್ಲ. 1952ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ವಲಸಿಗರನ್ನು ಕುರಿತು ಹೊರಡಿಸಿದ ಪತ್ರದಲ್ಲಿ ಐಗುಪ್ತಕ್ಕೆ ವಲಸೆ ಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗ ಕುಟುಂಬಗಳಿಗೆ ಮಾದರಿಯಾಗಿಸಿದರು. ಮತ್ತಾಯನ ಶುಭಸಂದೇಶವನ್ನು ಗಮನವಿಟ್ಟು ಓದಿದರೆ ಸಂತ ಜೋಸೆಫರ ವಿವೇಕವು ಕಾಣುತ್ತದೆ. ಅವರು ಹೋಗುವಾಗ ತಾಯಿ ಮಗುವನ್ನು ಬಿಟ್ಟು ಹೋಗಲಿಲ್ಲ. ಮರಳುವಾಗಲೂ ಕಣ್ಣು ಮುಚ್ಚಿ ಹಳೆಯ ಊರಿಗೆ ಬರಲಿಲ್ಲ. ಯೂದಾಯದಲ್ಲಿ ಆಳುವವನು ಯಾರೆಂದು ಕೇಳಿ ತಿಳಿದು ಅಂಜಿದರು, ಎಚ್ಚರಿಕೆ ಪಡೆದು ಗಲಿಲೇಯದ ನಜರೇತನ್ನು ಸೇರಿದರು. ಎಲ್ಲಿ ನೆಲೆಸಬೇಕೆಂಬ ಪ್ರಶ್ನೆಯನ್ನು ಅವರು ಸಂಪಾದನೆಯಿಂದಲ್ಲ, ಕುಟುಂಬದ ಕ್ಷೇಮದಿಂದ ಅಳೆದರು.

ಆದುದರಿಂದ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ಮಗ ಅಥವಾ ಮಗಳು ಹೊರಡುವ ಮಾತೆತ್ತಿದಾಗ ತಡೆಯಬೇಡಿರಿ, ದೂಡಲೂಬೇಡಿರಿ. ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕುಳಿತು ಕೇಳಿರಿ. ಒಪ್ಪಂದವನ್ನು ಓದಿಸಿರಿ, ಏಜೆಂಟನ ನೋಂದಣಿಯನ್ನು ಪರೀಕ್ಷಿಸಿರಿ. ಕಸುಬು ಅರ್ಧವಾಗಿದ್ದರೆ ಪೂರ್ಣಮಾಡಿ ಹೋಗಲೆಂದು ಹೇಳಿರಿ. ಹೊಸದಾಗಿ ಮದುವೆಯಾದವರನ್ನು ವರ್ಷಗಟ್ಟಲೆ ಅಗಲಿಸುವ ಕೆಲಸವನ್ನು ಸಂಬಳ ಎಷ್ಟೇ ಇರಲಿ ಎರಡು ಸಲ ಯೋಚಿಸಿರಿ. ಕೊಲ್ಲಿಗೆ ಹೋಗುವವರು ಮರಳುವ ವರ್ಷವನ್ನು ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಲಿ, ಏಕೆಂದರೆ ಆ ನಾಡು ಒಂದು ದಿನ ಮರಳಿಸಿಯೇ ತೀರುತ್ತದೆ. ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋಗುವವರು ಮೊದಲ ಎರಡು ವರ್ಷದ ಕಷ್ಟಕ್ಕೆ ಹಣವನ್ನೂ ಮನಸ್ಸನ್ನೂ ಸಿದ್ಧಮಾಡಿಕೊಳ್ಳಲಿ.

ಮತ್ತು ಸಾಧ್ಯವಾದ ಮಟ್ಟಿಗೂ ತೋಟವನ್ನು ಮಾರಬೇಡಿರಿ. ಬ್ಯಾಂಕಿನ ಸಾಲ, ನೆಂಟರ ಕೈಸಾಲ, ಒಂದೆರಡು ವರ್ಷ ಇಲ್ಲಿಯೇ ದುಡಿದು ಕೂಡಿಸಿದ ಹಣ, ಇವುಗಳಲ್ಲಿ ಯಾವುದಾದರೂ ಇರಲಿ. ಮಗ ಹೊರಟ ವರ್ಷವೇ ಬೇಲಿಯ ಬದಿಯಲ್ಲಿ ನಾಲ್ಕು ಸಸಿ ನೆಡಿರಿ. ನಮ್ಮ ಉದ್ದ ತಳಿಯ ತೆಂಗು ಆರೇಳು ವರ್ಷಕ್ಕೆ ಹೊಂಬಾಳೆ ಬಿಡುತ್ತದೆ. ಅಷ್ಟರಲ್ಲಿ ಮಗನಿಗೂ ಆ ನಾಡಿನಲ್ಲಿ ತಾನು ಯಾರೆಂಬುದು ತಿಳಿದಿರುತ್ತದೆ. ಅವನು ಅಲ್ಲಿಯೇ ನಿಂತರೂ ಸರಿ, ಮರಳಿ ಬಂದರೂ ಸರಿ, ಕಾಯಿ ಕೀಳುವುದಕ್ಕೆ ತನ್ನದೇ ಮರ ಇರುತ್ತದೆ.